ಆಟ ನಿಲ್ಲಿಸಿದ ಹಾಕಿ ಆಟಗಾರ್ತಿ ಕೋಚ್ ಆಗಬೇಕಾದರೆ: ನಡುವಿನ ಎರಡು-ಮೂರು ವರ್ಷ ಎಲ್ಲಿ ಕಳೆಯಬೇಕು?

ಎಡಬದಿ ಹಾಫ್:
ರಾಣಿ ರಾಂಪಾಲ್ 2024ರ ಅಕ್ಟೋಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದಾಗಿನಿಂದ ಒಂದು ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾನೇ ಇದೆ. ಆಡಿದವರು ಕಲಿಸುವವರಾಗೋದು ಹೇಗೆ? ರಾಣಿ ಅವರ ಮಟ್ಟ ಬೇರೆ. ಶಾಹಾಬಾದ್‌ನಿಂದ ಬಂದು 15ನೇ ವಯಸ್ಸಿಗೆ 2010ರ ವಿಶ್ವಕಪ್‌ನಲ್ಲಿ 7 ಗೋಲು ಹೊಡೆದವರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡವನ್ನು 4ನೇ ಸ್ಥಾನಕ್ಕೆ ತಂದ ನಾಯಕಿ. ಆದರೆ ರಾಜ್ಯ ತಂಡ, ಯೂನಿವರ್ಸಿಟಿ, ರೈಲ್ವೆ, ಪೊಲೀಸ್ ಅಂತ 10-12 ವರ್ಷ ಆಡಿ 28-30ಕ್ಕೆ ಸ್ಟಿಕ್ ಕೆಳಗಿಡುವ ಹುಡುಗಿಯರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ದಾರಿ ಯಾವುದು? ಕೋರ್ಸ್, ಮೊದಲ ವರ್ಷದ ಪ್ರಾಕ್ಟೀಸ್, ಕಾರ್ನರ್ ಕಲಿಸೋದು, ಕೀಪರ್, ವಿಡಿಯೊ, ಎಲ್ಲೆಲ್ಲಿ ಎಡವುತ್ತಾರೆ ಅನ್ನೋದು ಒಂದೇ ಕಡೆ ಸಿಗಲಿ. ಸ್ವಂತ ಕಥೆ ಬೇಡ, ಕೆಲಸಕ್ಕೆ ಬರುವ ವಿವರ ಬರೆಯಿರಿ.

ಕಂಬದ ಪಕ್ಕ:
ಮೊದಲು ದೊಡ್ಡವರು ನಡೆದ ದಾರಿ ನೋಡಿ. ಅಲ್ಲೇ ಅರ್ಧ ಉತ್ತರ ಇದೆ.

ರಾಣಿ ಅವರ ಕೈಗೆ 2023ರಲ್ಲಿ, ಅಂದರೆ ನಿವೃತ್ತಿಗೂ ಮೊದಲೇ, ಸಬ್ ಜೂನಿಯರ್ ಹುಡುಗಿಯರ ತಂಡ ಬಂತು. ಸೀನಿಯರ್ ತಂಡ ಅಲ್ಲ. 2025ರ ಜನವರಿಯಲ್ಲಿ ಮಹಿಳೆಯರ ಹಾಕಿ ಇಂಡಿಯಾ ಲೀಗ್ ಮೊದಲ ಸಲ ರಾಂಚಿಯಲ್ಲಿ ನಡೆದಾಗ ಸೂರ್ಮಾ ತಂಡಕ್ಕೆ ಮಾರ್ಗದರ್ಶಕಿಯಾಗಿ ಕೂತರು.

ಯಾನೆಕೆ ಸ್ಕೋಪ್‌ಮನ್ ಅವರನ್ನು ನೋಡಿ. ಆಟಗಾರ್ತಿಯಾಗಿ ನೆದರ್ಲೆಂಡ್ಸ್‌ಗೆ 2006ರ ವಿಶ್ವಕಪ್, 2008ರ ಬೀಜಿಂಗ್ ಚಿನ್ನ. ಅಮೆರಿಕದ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆಗಿದ್ದವರು. ಅಷ್ಟಿದ್ದೂ 2020ರಲ್ಲಿ ಭಾರತ ತಂಡಕ್ಕೆ ಬಂದಾಗ ಒಪ್ಪಿಕೊಂಡದ್ದು ಅನಲಿಟಿಕಲ್ ಕೋಚ್ (ವಿಡಿಯೊ ನೋಡಿ ಆಟ ವಿಶ್ಲೇಷಿಸುವ) ಕೆಲಸವನ್ನು, ಆಗಿನ ಮುಖ್ಯ ಕೋಚ್ ಶೋರ್ಡ್ ಮರೀನ್ಯ ಅವರ ಕೈಕೆಳಗೆ. ಬೆಂಗಳೂರು ಮೈಸೂರು ರಸ್ತೆಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ ಹುಡುಗಿಯರನ್ನು ಒಂದೂವರೆ ವರ್ಷ ನೋಡಿದ ಮೇಲೆ, ಟೋಕಿಯೊ ಮುಗಿದಾಗ ಮುಖ್ಯ ಕೋಚ್ ಆದರು. ಮುಂದಿನ ವರ್ಷ ಕಾಮನ್‌ವೆಲ್ತ್ ಕಂಚು, ವರ್ಷದ ಕೊನೆಗೆ ನೇಷನ್ಸ್ ಕಪ್ ಗೆಲುವು.

ಆಲಿಸನ್ ಆನನ್ ಆಸ್ಟ್ರೇಲಿಯಾಕ್ಕೆ 1996 ಮತ್ತು 2000ದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ನೆದರ್ಲೆಂಡ್ಸ್‌ನ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆಗಿದ್ದು 2015ರ ಕೊನೆಯಲ್ಲಿ. ನಡುವೆ 15 ವರ್ಷ. ಆ ವರ್ಷಗಳಲ್ಲಿ ಅವರು ಡಚ್ ಕ್ಲಬ್ ಹಾಕಿಯಲ್ಲಿ ಕೋಚಿಂಗ್ ಮಾಡಿದರು. ಆಮೇಲೆ 2018ರ ವಿಶ್ವಕಪ್, ಟೋಕಿಯೊ ಚಿನ್ನ, ಬಳಿಕ ಚೀನಾ ತಂಡದ ಜೊತೆ ಪ್ಯಾರಿಸ್ ಬೆಳ್ಳಿ.

ನಮ್ಮ ದೇಶದಲ್ಲೇ ಪ್ರೀತಮ್ ಸಿವಾಚ್. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಚಿನ್ನದ ತಂಡದಲ್ಲಿದ್ದವರು. ಸೋನಿಪತ್‌ನಲ್ಲಿ ಚಿಕ್ಕ ಹುಡುಗಿಯರಿಗೆ ಕಲಿಸೋಕೆ ಕೂತರು. ಭಾರತ ತಂಡಕ್ಕೆ ಆಡಿದ ನೇಹಾ ಗೋಯಲ್, ನಿಶಾ ವಾರ್ಸಿ ಅಲ್ಲಿಂದ ಬಂದವರು. 2021ರಲ್ಲಿ ದ್ರೋಣಾಚಾರ್ಯ ಸಿಕ್ಕಿತು, ಹಾಕಿ ಕೋಚ್‌ಗಳಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಟೋಕಿಯೊ ತಂಡಕ್ಕೆ ಸಹಾಯಕ ಕೋಚ್ ಆಗಿ ಹೋದ ಅಂಕಿತಾ ಬಿ.ಎಸ್. ನಮ್ಮ ಕೊಡಗಿನವರು, ಅದನ್ನೂ ಮರೆಯಬೇಡಿ.

ಯಾರೂ ನಾಯಕಿಯ ಪಟ್ಟಿ ಬಿಚ್ಚಿಟ್ಟ ಮಾರನೇ ದಿನ ಮುಖ್ಯ ಕೋಚ್ ಆಗಿಲ್ಲ. ಒಬ್ಬರು ಚಿಕ್ಕ ವಯಸ್ಸಿನ ತಂಡ, ಒಬ್ಬರು ವಿಡಿಯೊ ಕೋಣೆ, ಒಬ್ಬರು ಕ್ಲಬ್, ಒಬ್ಬರು ಅಕಾಡೆಮಿ. ನಡುವೆ ಒಂದು ಮೆಟ್ಟಿಲು ಇದ್ದೇ ಇದೆ.

ಫಾರ್ವರ್ಡ್ ಲೈನ್:
ಒಪ್ಪೋದು ಸ್ವಲ್ಪ ಕಷ್ಟ ಸಾರ್. 200 ಪಂದ್ಯ ಆಡಿದವಳಿಗೆ ಆಟ ಗೊತ್ತಿಲ್ಲ ಅಂತೀರಾ? ಆಡದೇ ಬರೀ ಡಿಪ್ಲೊಮಾ ಹಿಡಿದು ಬಂದ ಕೋಚ್‌ಗಿಂತ ಅವಳ ಮಾತಿಗೆ ಹುಡುಗಿಯರು ಕಿವಿ ಕೊಡ್ತಾರೆ. ಆ ಗೌರವಕ್ಕೆ ಬೆಲೆ ಇಲ್ವಾ?

ಕಂಬದ ಪಕ್ಕ:
ಖಂಡಿತ ಬೆಲೆ ಇದೆ. ಮೊದಲ ತಿಂಗಳು ಹುಡುಗಿಯರು ಕಿವಿ ಕೊಡೋದು ಆ ಗೌರವದಿಂದಲೇ. ಆದರೆ ಆಟಗಾರ್ತಿಗೆ ಗೊತ್ತಿರುವುದು ಮೈಗೆ ಗೊತ್ತಿರುತ್ತೆ, ಬಾಯಿಗೆ ಗೊತ್ತಿರಲ್ಲ.

ಒಂದು ಉದಾಹರಣೆ ಹೇಳ್ತೀನಿ. ಮಿಡ್‌ಫೀಲ್ಡರ್ ಬೆನ್ನನ್ನು ಎದುರಾಳಿ ಗೋಲಿನ ಕಡೆ ಇಟ್ಟುಕೊಂಡು ಡಿಫೆಂಡರ್‌ನಿಂದ ಪಾಸ್ ತಗೊಂಡು ತಿರುಗೋದು ಇದೆಯಲ್ಲ, ಅದನ್ನು ಹೇಗೆ ಮಾಡ್ತೀರಿ ಅಂತ ಅನುಭವಿ ಆಟಗಾರ್ತಿಯನ್ನು ಕೇಳಿ. "ಚೆಂಡು ನೋಡಿ ಟ್ರ್ಯಾಪ್ ಮಾಡಿ ತಿರುಗ್ತೀನಿ" ಅಂತಾರೆ. ವಿಡಿಯೊ ನಿಧಾನಕ್ಕೆ ಓಡಿಸಿ ನೋಡಿ. ಪಾಸ್ ಹೊರಡೋ ಮೊದಲು ಒಂದು ಸಲ ಬಲ ಭುಜದ ಮೇಲಿಂದ ಹಿಂದೆ ನೋಡಿರ್ತಾರೆ. ಚೆಂಡು ದಾರಿಯಲ್ಲಿರುವಾಗ ಇನ್ನೊಂದು ಸಲ. ಎಡಗಾಲು ಆಗಲೇ ಅರ್ಧ ತಿರುಗಿರುತ್ತೆ. ಟ್ರ್ಯಾಪ್, ಅಂದರೆ ಚೆಂಡು ನಿಲ್ಲಿಸೋದು, ಅಂತ ಬೇರೆ ಇರೋದೇ ಇಲ್ಲ, ಚೆಂಡು ತಾಗಿದ ಕೂಡಲೇ ಮುಂದಿನ ಜಾಗಕ್ಕೆ ಜಾರಿರುತ್ತೆ. ಇದರಲ್ಲಿ ಅವರು ಬಾಯಲ್ಲಿ ಹೇಳಿದ್ದು ಎಷ್ಟು? ಮೂರರಲ್ಲೊಂದು ಭಾಗ. 13 ವರ್ಷದ ಹುಡುಗಿ ಆ ಮೂರರಲ್ಲೊಂದನ್ನೇ ಪಾಲಿಸ್ತಾಳೆ. ಚೆಂಡನ್ನೇ ದಿಟ್ಟಿಸಿ ನಿಲ್ಲಿಸ್ತಾಳೆ, ತಲೆ ಎತ್ತೋಷ್ಟರಲ್ಲಿ ಎದುರಾಳಿ ಮೈಮೇಲೆ. ಆಗ ಹೊಸ ಕೋಚ್ "ಬೇಗ, ಬೇಗ" ಅಂತ ಕೂಗ್ತಾರೆ. ಹುಡುಗಿ ನಿಧಾನ ಅಲ್ಲವೇ ಅಲ್ಲ, ಅವಳು ಹಿಂದೆ ನೋಡಿಲ್ಲ ಅಷ್ಟೇ.

ಇದನ್ನು ಬಿಡಿಸಿ ಹೇಳೋದನ್ನು ಕಲಿಯೋಕೆ ಆ ಎರಡು ವರ್ಷ ಬೇಕು. ಡ್ರಿಲ್ ಸುಲಭ: ಪಾಸ್ ಕೊಡುವವಳು ಕೊಡೋ ಮೊದಲು, ತಗೊಳ್ಳುವವಳ ಹಿಂದೆ ನಿಂತ ಮೂರನೆಯವಳು ಕೈಯಲ್ಲಿ ಎರಡೋ ಮೂರೋ ಬೆರಳು ಎತ್ತಬೇಕು. ತಗೊಳ್ಳುವವಳು ಸಂಖ್ಯೆ ಕೂಗಿ ಆಮೇಲೆ ಚೆಂಡು ತಗೊಳ್ಳಬೇಕು. ಹತ್ತು ನಿಮಿಷ, ವಾರಕ್ಕೆ ಮೂರು ದಿನ.

ಫಾರ್ವರ್ಡ್ ಲೈನ್:
ಈ ಬೆರಳಿನ ಡ್ರಿಲ್ ಚೆನ್ನಾಗಿದೆ. ಮಾತು ಒಪ್ಪಿದೆ.

ಮೈಸೂರು ರೋಡ್ 23 ಮೀಟರ್:
ಕೋರ್ಸ್ ವಿಷಯಕ್ಕೆ ಬರ್ತೀನಿ, ಇಲ್ಲಿ ಗೊಂದಲ ಜಾಸ್ತಿ.

ಎರಡು ಬೇರೆ ಬೇರೆ ಏಣಿ ಇವೆ. ಒಂದು ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯದು, ಎಲ್ಲರೂ ಎನ್‌ಐಎಸ್ ಅನ್ನೋದು. ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಸರ್ಕಾರಿ ಕೋಚ್ ಕೆಲಸ ಬೇಕಾದರೆ ಬೇಕಾಗೋದು ಡಿಪ್ಲೊಮಾ. ಆರು ವಾರದ ಕಾಗದ ಹಿಡಿದು ಸಾಯ್ ಸಹಾಯಕ ಕೋಚ್ ಹುದ್ದೆಗೆ ಅರ್ಜಿ ಹಾಕಿ ತಿರಸ್ಕಾರ ಆಗೋರು ಪ್ರತಿ ಸಲ ಇರ್ತಾರೆ. ಒಲಿಂಪಿಕ್ಸ್ ಮಟ್ಟದಲ್ಲಿ ಆಡಿದವರಿಗೆ ಅರ್ಹತೆಯಲ್ಲಿ ಬೇರೆ ಬಾಗಿಲು ಇಟ್ಟಿರ್ತಾರೆ. ಆದರೆ ಪ್ರತಿ ನೋಟಿಫಿಕೇಶನ್ ಬೇರೆ, ಅರ್ಹತೆಯ ಪ್ಯಾರಾ ಪೂರ್ತಿ ಓದಿ.

ಎರಡನೆಯದು ಹಾಕಿ ಇಂಡಿಯಾದ ಕೋಚ್ ಕೋರ್ಸ್‌ಗಳು: ಬೇಸಿಕ್, ಲೆವೆಲ್ 1, ಲೆವೆಲ್ 2 ಅಂತ ಮೇಲೆ ಹೋಗುತ್ತೆ. ಅದರ ಮೇಲೆ ಎಫ್‌ಐಎಚ್ (ಅಂತರರಾಷ್ಟ್ರೀಯ ಹಾಕಿ ಒಕ್ಕೂಟ) ಅಕಾಡೆಮಿಯ ಕೋರ್ಸ್‌ಗಳು. ಟೂರ್ನಿಯಲ್ಲಿ ತಂಡದ ಜೊತೆ ಬೆಂಚಿನಲ್ಲಿ ಕೂರೋ ದಾರಿ ಇದು. ಒಂದು ಇನ್ನೊಂದರ ಬದಲಿಗೆ ಬರಲ್ಲ.

ಸಲಹೆ ಏನಂದ್ರೆ, ಇನ್ನೂ ಆಡ್ತಾ ಇರುವಾಗಲೇ ಬೇಸಿಕ್ ಮತ್ತು ಲೆವೆಲ್ 1 ಮುಗಿಸಿ. ಕೊನೆಯ ಎರಡು ಸೀಸನ್‌ನಲ್ಲಿ ಅದಕ್ಕೆ ಸಮಯ ಸಿಗುತ್ತೆ. ಉದ್ಯೋಗದಾತರ ಹತ್ತಿರ ರಜೆ ಕೇಳೋಕೆ ಕಾರಣವೂ ಇರುತ್ತೆ. ಎನ್‌ಐಎಸ್ ಡಿಪ್ಲೊಮಾಗೆ ಮಾತ್ರ ಒಂದು ಪೂರ್ತಿ ವರ್ಷ ಇಡಬೇಕು. ಅದನ್ನು ನಿಲ್ಲಿಸಿದ ತಕ್ಷಣದ ವರ್ಷಕ್ಕೇ ಇಟ್ಟುಕೊಳ್ಳಿ. ಮೈಯಲ್ಲಿ ಇನ್ನೂ ಫಿಟ್‌ನೆಸ್ ಇರುತ್ತೆ, ಪ್ರಾಯೋಗಿಕ ಪರೀಕ್ಷೆಗೆ ಅದು ಬೇಕು. ಅಂತರರಾಷ್ಟ್ರೀಯ, ರಾಷ್ಟ್ರೀಯ, ಯೂನಿವರ್ಸಿಟಿ ಭಾಗವಹಿಸುವಿಕೆಯ ಎಲ್ಲ ಸರ್ಟಿಫಿಕೇಟ್‌ಗಳ ಮೂಲ ಪ್ರತಿ ಆಡುವಾಗಲೇ ಒಂದು ಫೈಲಿಗೆ ಹಾಕಿ. ಐದು ವರ್ಷ ಬಿಟ್ಟು ಅಸೋಸಿಯೇಶನ್‌ನಿಂದ ನಕಲು ತೆಗೆಸೋಕೆ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಗರಸು ಗ್ರೌಂಡ್ ಧಾರವಾಡ:
ಕೋರ್ಸಿಂದು ಆತು, ಗ್ರೌಂಡಿಂದು ಹೇಳ್ತೇನಿ. ಟರ್ಫಿನ ಮ್ಯಾಲೆ ಹತ್ತು ವರ್ಷ ಆಡಿದಾಕಿ ಸಾಲಿ ಗ್ರೌಂಡಿಗೆ ಬಂದ್ರ ಮೊದಲನೇ ತಪ್ಪು ಅಲ್ಲೇ ಆಕ್ಕೈತಿ. ಟರ್ಫ್ ಡ್ರಿಲ್ ಗರಸಿನ ಮ್ಯಾಲೆ ಹಾಕ್ತಾರ. ನೀರು ಹೊಡದ ಟರ್ಫಿನ್ಯಾಗ ಚೆಂಡು ನೆಲಕ್ಕ ಅಂಟಿಕೊಂಡು ಬರ್ತೈತಿ, ಸ್ಟಿಕ್ ನೆಲದ ಮ್ಯಾಲೆ ಅಡ್ಡ ಮಲಗಿಸಿದ್ರ ಸಾಕು ನಿಂತ್ಕೊಂತೈತಿ. ಗರಸಿನ್ಯಾಗ ಕೊನೇ ಒಂದು ಮೀಟರಿನ್ಯಾಗ ಜಿಗೀತೈತಿ. ಅಡ್ಡ ಮಲಗಿಸಿದ್ರ ಸ್ಟಿಕ್ ಮ್ಯಾಲಿಂದ ಹಾರಿ ಮೊಣಕಾಲಿಗೆ, ಇಲ್ಲಾ ಮಾರಿಗೆ.

ಅದಕ್ಕ ಗರಸಿನ ಮ್ಯಾಲೆ ಮೊದಲ ಮೂರು ತಿಂಗಳು ನೆಟ್ಟಗ ನಿಲ್ಲಿಸಿದ ಸ್ಟಿಕ್ಕಿನ ಟ್ರ್ಯಾಪ್ ಕಲಿಸ್ರಿ. ಹಿಡಿಕಿ ಮುಂದಕ್ಕ ವಾಲಿರ್ಲಿ, ಚೆಂಡು ಎರಡೂ ಪಾದದ ನಡು ತಗೋಲಿ, ತಗೊಳ್ಳು ಹೊತ್ತಿಗೆ ಕೆಳಗಿನ ಕೈ ಸಡಲ ಬಿಡ್ಲಿ. ಪ್ರಾಕ್ಟೀಸಿಗೆ ಮೊದ್ಲು ಹತ್ತು ನಿಮಿಷ ಎಲ್ಲಾರೂ ಸಾಲಾಗಿ ನಡದು ಹಳ್ಳು ಆರಿಸಿ ಹೊರಗ ಹಾಕ್ರಿ, ಇದು ಖರೇನ ದೊಡ್ಡ ಕೆಲಸ. ಹಿಟ್ ಡ್ರಿಲ್ ಇಟ್ಟ ದಿನ ಎದುರಿಗೆ ಯಾರನ್ನೂ ನಿಲ್ಲಿಸಬ್ಯಾಡ್ರಿ, ಗ್ವಾಡಿ ಇಲ್ಲಾ ಬಲಿ ಇರ್ಲಿ. ಚೆಂಡು 156ರಿಂದ 163 ಗ್ರಾಂ ತೂಗ್ತೈತಿ, ಗಟ್ಟಿ ಪ್ಲಾಸ್ಟಿಕ್. ಹಲ್ಲಿನ ಗಾರ್ಡ್ ಮತ್ತ ಶಿನ್ ಗಾರ್ಡ್ ಇಲ್ಲದ ಹುಡುಗೀನ್ನ ಗ್ರೌಂಡಿಗೆ ಇಳಿಸೂದ ಬ್ಯಾಡ.

ಸ್ಟಿಕ್ ಬಗ್ಗೆ ಒಂದು ಮಾತು. ಆಟಗಾರ್ತಿ ತನ್ನ ಹಳೇ ಸ್ಟಿಕ್ ಹುಡುಗ್ಯಾರಿಗೆ ಕೊಡ್ತಾಳ, ಮನಸು ಛಲೋ, ಆದ್ರ ಅದು 36.5 ಇಂಚಿಂದು, ಲೋ ಬೋ ಇರ್ತೈತಿ, ಅಂದ್ರ ಬಾಗು ಕೆಳಗ. ಸಣ್ಣ ಹುಡುಗಿ ಅದನ್ನ ಹಿಡದು ಹಿಟ್ ಹೊಡದ್ರ ಚೆಂಡು ಮ್ಯಾಲೇಳ್ತೈತಿ, ಪಕ್ಕದಾಕಿಗೆ ಬಡೀತೈತಿ. ನಿಂತಾಗ ಸ್ಟಿಕ್ಕಿನ ತುದಿ ಸೊಂಟದ ಎಲುಬಿನ ಮಟ್ಟಕ್ಕ ಬರಬೇಕು, ಬಾಗು ನಡುವಿನ್ಯಾಗ ಇರಬೇಕು, ತೂಕ ಹಗುರ ಇರಬೇಕು.

ಎಡಬದಿ ಹಾಫ್:
ಧಾರವಾಡದ ಅಣ್ಣ ಹೇಳಿದ ಹಳ್ಳು ಆರಿಸುವ ಮಾತಿಗೆ ಎರಡು ಕೈ ಎತ್ತಿ ಒಪ್ಪಿಗೆ. ಈಗ ಪೆನಾಲ್ಟಿ ಕಾರ್ನರ್ ಯಾರಾದರೂ ಬಿಡಿಸಿ ಬರೀತೀರಾ? 14-15 ವರ್ಷದವರಿಗೆ ಎಲ್ಲಿಂದ ಶುರು ಮಾಡೋದು?

ಇಂಜೆಕ್ಟರ್:
ಎಲ್ಲರೂ ಡ್ರ್ಯಾಗ್‌ಫ್ಲಿಕ್‌ನಿಂದ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿಗೆ ಹಾರಿಸೋದು) ಶುರು ಮಾಡ್ತಾರೆ, ಅದೇ ತಪ್ಪು. ಕಾರ್ನರ್ ಕೆಡೋದು ಹೆಚ್ಚಾಗಿ ಇಂಜೆಕ್ಷನ್‌ನಲ್ಲಿ, ಅಂದರೆ ಗೋಲ್ ಪಕ್ಕದ ಗೆರೆಯಿಂದ ಚೆಂಡನ್ನು ಸರ್ಕಲ್‌ನ (ಗೋಲಿನ ಮುಂದಿನ ಅರ್ಧವೃತ್ತದ) ತುದಿಗೆ ತಳ್ಳೋದರಲ್ಲಿ.

ಲೆಕ್ಕ ನೋಡಿ. ಚೆಂಡು ಇಡೋದು ಹತ್ತಿರದ ಗೋಲ್ ಕಂಬದಿಂದ 10 ಮೀಟರ್ ದೂರದ ಗುರುತಿನಲ್ಲಿ. ಸರ್ಕಲ್‌ನ ಮೇಲ್ತುದಿ ಗೋಲ್ ಗೆರೆಯಿಂದ 14.63 ಮೀಟರ್. ಹಾಗಾದರೆ ಚೆಂಡು ಓಡಬೇಕಾದ ದೂರ 18 ಮೀಟರ್ ಹತ್ತಿರ ಹತ್ತಿರ. ಅಷ್ಟು ದೂರ ಜಿಗಿಯದೆ, ಬಳುಕದೆ, ಪ್ರತಿ ಸಲ ಅದೇ ಒಂದು ಅಡಿ ಜಾಗಕ್ಕೆ, ಒಂದೇ ವೇಗದಲ್ಲಿ ಬರಬೇಕು. ಅದು ಬಂದರೆ ಸಾಮಾನ್ಯ ಪುಶ್ ಹೊಡೆಯುವವಳೂ ಗೋಲು ಹೊಡೀತಾಳೆ. ಬರದಿದ್ದರೆ ಎಷ್ಟು ದೊಡ್ಡ ಫ್ಲಿಕ್ಕರ್ ಇದ್ದರೂ ಎದುರಾಳಿಯ ಮೊದಲ ರನ್ನರ್ ಬಂದು ಚೆಂಡು ಕಿತ್ತುಕೊಳ್ತಾಳೆ.

ಇಂಜೆಕ್ಷನ್ ಕಲಿಸುವ ಕ್ರಮ: ಒಂದು ಕಾಲಾದರೂ ಗೆರೆಯ ಹೊರಗಿರಬೇಕು, ಇದು ನಿಯಮ. ಎಡಗಾಲು ಚೆಂಡು ಹೋಗುವ ದಿಕ್ಕಿಗೆ, ಹೆಜ್ಜೆ ಅಗಲ. ಸೊಂಟ ಕೆಳಗೆ, ಬಲ ಮೊಣಕಾಲು ನೆಲಕ್ಕೆ ಹತ್ತಿರ. ಸ್ಟಿಕ್ ಮೊದಲೇ ಚೆಂಡಿಗೆ ತಾಗಿರಬೇಕು, ಹಿಂದಕ್ಕೆ ಎಳೆದು ಹೊಡೆಯೋದಲ್ಲ, ತಳ್ಳೋದು. ತೂಕ ಬಲಗಾಲಿಂದ ಎಡಗಾಲಿಗೆ ಬರಲಿ. ಕೈ ಮುಗಿಸುವಾಗ ಸ್ಟಿಕ್ ತುದಿ ಚೆಂಡು ನಿಲ್ಲಿಸುವವಳ ಕಡೆ ಬೆರಳು ತೋರಿಸಿದ ಹಾಗೆ ಇರಬೇಕು. ಚೆಂಡು ಜಿಗಿದರೆ ಮಣಿಕಟ್ಟು ಮುಂಚೆ ತಿರುಗಿದೆ ಅಂತ ತಿಳ್ಕೊಳ್ಳಿ. ಎಡಕ್ಕೆ ಎಳೆದರೆ ಭುಜ ಬೇಗ ತೆರೆದಿದೆ. ಮೆಲ್ಲಗೆ ಬಂದರೆ ಬಲಗಾಲು ತಳ್ಳಿಲ್ಲ, ಬರೀ ಕೈಯಲ್ಲಿ ಹೋಗಿದೆ.

ಗುರಿ: 20ರಲ್ಲಿ 16 ಸರಿಯಾದ ಜಾಗಕ್ಕೆ. ಎರಡು ಕೋನ್ ಒಂದು ಅಡಿ ಅಂತರದಲ್ಲಿಟ್ಟು ಎಣಿಸಿ ಬರೆದಿಡಿ. ಅದು ಬಂದ ಮೇಲೆ ನಿಲ್ಲಿಸುವವಳು. ಆಮೇಲೆ ಹೊಡೆಯುವವಳು. ಹಿಟ್ ಆದರೆ ಮೊದಲ ಹೊಡೆತ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲೆ ಇರಬಾರದು, ಅಂದರೆ ಗೋಲಿನ ಒಳಗಿನ ಹಲಗೆಯ ಎತ್ತರ. ಫ್ಲಿಕ್‌ಗೆ ಆ ಮಿತಿ ಇಲ್ಲ, ಅದಕ್ಕೇ ಎಲ್ಲರಿಗೂ ಫ್ಲಿಕ್ ಮೇಲೆ ಕಣ್ಣು.

ಡ್ರ್ಯಾಗ್‌ಫ್ಲಿಕ್ 15 ದಾಟಿದ ಮೇಲೆ, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳು ಗಟ್ಟಿಯಾದ ಮೇಲೆ. ಮೊದಲು ಓಡದೆ, ನಿಂತ ಚೆಂಡಿನಲ್ಲಿ ಕಾಲಿನ ಕ್ರಮ ಮಾತ್ರ: ಬಲಗಾಲು ಎಡಗಾಲಿನ ಹಿಂದಿನಿಂದ ದಾಟಿ, ಎಡಗಾಲು ಉದ್ದಕ್ಕೆ ಬಿದ್ದು, ಚೆಂಡು ಬಲ ಪಾದದ ಹತ್ತಿರ ಸ್ಟಿಕ್‌ಗೆ ಸಿಕ್ಕಿ, ಅಲ್ಲಿಂದ ಉದ್ದಕ್ಕೆ ಎಳೆಯೋದು. ಶಕ್ತಿ ಸೊಂಟದಿಂದ, ಆಮೇಲೆ ಭುಜ, ಕೊನೆಗೆ ಮಣಿಕಟ್ಟು. ಕೈಯಿಂದ ಶುರುವಾದರೆ ಚೆಂಡು ಸ್ಟಿಕ್ ಬಿಟ್ಟು ಬೇಗ ಹಾರಿ ಹೋಗುತ್ತೆ. ಒಂದು ದಿನಕ್ಕೆ 20 ಫ್ಲಿಕ್, ವಾರಕ್ಕೆ ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ. ಬೆನ್ನಿನ ಕೆಳಭಾಗ ನೋವು ಅಂತ ಹುಡುಗಿ ಅಂದರೆ ಅವತ್ತೇ ನಿಲ್ಲಿಸಿ, ಎರಡು ವಾರಕ್ಕೂ ಹೋಗದಿದ್ದರೆ ಮೂಳೆ ಡಾಕ್ಟರ್‌ಗೆ ತೋರಿಸಿ. ಬೆಳೆಯುವ ವಯಸ್ಸಿನ ಬೆನ್ನೆಲುಬಿಗೆ ಬಾಗಿ ತಿರುಗುವ ಹೊರೆ ಬೀಳೋದು ಇದರಲ್ಲೇ.

ಗುರ್ಜೀತ್ ಕೌರ್ ಟೋಕಿಯೊ ಕ್ವಾರ್ಟರ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಹೊಡೆದ ಆ ಒಂದೇ ಒಂದು ಗೋಲನ್ನು ಹುಡುಗಿಯರಿಗೆ ತೋರಿಸಿ. ಆದರೆ ಫ್ಲಿಕ್ಕರ್ ಮೇಲಲ್ಲ, ಇಂಜೆಕ್ಷನ್ ಮೇಲೆ ಕಣ್ಣಿಡೋಕೆ ಹೇಳಿ.

ಪ್ಯಾಡ್ಸ್:
ಕೀಪರ್ ಬಗ್ಗೆ ನಾನು ಬರೀತೀನಿ, ಯಾಕಂದ್ರೆ ಎಲ್ಲರೂ ಮರೆಯೋದು ಅವಳನ್ನೇ.

ಫಾರ್ವರ್ಡ್ ಆಗಿದ್ದವರು ಕೋಚ್ ಆದರೆ ಕೀಪರ್‌ನ ಗೋಡೆ ಥರ ಬಳಸ್ತಾರೆ. ಹತ್ತು ಫಾರ್ವರ್ಡ್‌ಗಳು ಸಾಲಾಗಿ ನಿಂತು ಹೊಡೀತಾ ಇರೋದು, ಅವಳು 40-50 ಹೊಡೆತ ಒಂದೇ ಸಮನೆ ತಡೀತಾ ಇರೋದು. ಎಂಟು ಹತ್ತು ಹೊಡೆತ ಆದ ಮೇಲೆ ಕಾಲು ಭಾರ ಆಗುತ್ತೆ, ತೂಕ ಹಿಮ್ಮಡಿಗೆ ಹೋಗುತ್ತೆ. ಆಮೇಲೆ ಅವಳು ಅಭ್ಯಾಸ ಮಾಡ್ತಿರೋದು ತಪ್ಪು ನಿಲುವನ್ನೇ. 6ರಿಂದ 8 ಹೊಡೆತದ ಒಂದು ಸೆಟ್, ನಡುವೆ ಒಂದರಿಂದ ಒಂದೂವರೆ ನಿಮಿಷ ವಿಶ್ರಾಂತಿ, ಹೀಗೆ ಐದು ಸೆಟ್ ಸಾಕು. ಪ್ರತಿ ಹೊಡೆತಕ್ಕೂ ಮೊದಲು ಅವಳು ನಿಂತಿರಬೇಕು, ಓಡ್ತಾ ಇರಬಾರದು. ತಡೆದ ಚೆಂಡು ಎಲ್ಲಿ ಹೋಯ್ತು ಅನ್ನೋದನ್ನೂ ಎಣಿಸಿ. ಗೋಲಿನ ಮುಂದೆ ಬಿದ್ದರೆ ಅದು ಅರ್ಧ ತಡೆ.

ಶೂಟೌಟ್ ಬೇರೆಯೇ ಪಾಠ. ಪಂದ್ಯ ಸಮ ಆದಾಗ ಒಬ್ಬಳೇ ಆಟಗಾರ್ತಿ, ಎದುರಿಗೆ ಕೀಪರ್ ಮಾತ್ರ, 23 ಮೀಟರ್ ಗೆರೆಯಿಂದ 8 ಸೆಕೆಂಡ್. ಕೋಚ್ ಆಗಿ ಆನನ್ ಅವರ ಎರಡು ಒಲಿಂಪಿಕ್ ಬೆಳ್ಳಿಯೂ ಶೂಟೌಟ್‌ನಲ್ಲಿ ಚಿನ್ನ ತಪ್ಪಿದ ಬೆಳ್ಳಿ: ರಿಯೊದಲ್ಲಿ ನೆದರ್ಲೆಂಡ್ಸ್ ಜೊತೆ ಇದ್ದಾಗ ಬ್ರಿಟನ್ ಎದುರು 3-3, ಪ್ಯಾರಿಸ್‌ನಲ್ಲಿ ಚೀನಾ ಜೊತೆ ಇದ್ದಾಗ ನೆದರ್ಲೆಂಡ್ಸ್ ಎದುರು 1-1. ರಿಯೊದಲ್ಲಿ ಬ್ರಿಟನ್‌ನ ಮ್ಯಾಡಿ ಹಿಂಚ್ ಒಂದೂ ಬಿಡಲಿಲ್ಲ. ಯಾವ ಎದುರಾಳಿ ಯಾವ ಕಡೆ ತಿರುಗ್ತಾಳೆ ಅನ್ನೋದನ್ನು ಬರೆದಿಟ್ಟುಕೊಂಡು ಬಂದಿದ್ದರು. ನಮ್ಮ ತಂಡ 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿಯ ಸೆಮಿಫೈನಲ್‌ನಲ್ಲಿ ಜರ್ಮನಿ ಜೊತೆ 2-2 ಆಡಿ ಶೂಟೌಟ್‌ನಲ್ಲಿ 3-4ರಿಂದ ಸೋತಿತು. ಮಾರನೇ ದಿನ ಜಪಾನ್ ಎದುರು 0-1. ಪ್ಯಾರಿಸ್ ಕೈ ತಪ್ಪಿತು, ಮುಂದಿನ ತಿಂಗಳು ಸ್ಕೋಪ್‌ಮನ್ ರಾಜೀನಾಮೆ ಕೊಟ್ಟರು. ಶೂಟೌಟ್ ಅಭ್ಯಾಸವನ್ನು ವಾರದ ಕೊನೆಯ ಆಟ ಅಂತ ಇಡಬೇಡಿ. ಹುಡುಗಿಯರು ದಣಿದಿರುವಾಗಲೇ, ಯೋ-ಯೋ ಓಟ (ಫಿಟ್‌ನೆಸ್ ಅಳೆಯುವ ಓಟ) ಮುಗಿದ ಕೂಡಲೇ ಇಡಿ. ಪಂದ್ಯದಲ್ಲೂ ಅದು ಬರೋದು 60 ನಿಮಿಷ ಆದ ಮೇಲೇ ತಾನೇ. ಕೀಪರ್‌ಗೆ ಹೇಳಬೇಕಾದ್ದು ಮೂರೇ: ಮೊದಲ ಎರಡು ಸೆಕೆಂಡಲ್ಲಿ ಮುಂದೆ ಬಾ, ಆಮೇಲೆ ನಿಲ್ಲು, ಮೊದಲು ಬೀಳಬೇಡ.

ಟ್ಯಾಗ್ ಮಾಡುವವಳು:
ವಿಡಿಯೊ ಕೋಣೆಯ ಬಗ್ಗೆ ಮೇಲೆ ಬಂದಿದೆ, ಸ್ವಲ್ಪ ವಿವರ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಫೋನ್, ಒಂದು ಟ್ರೈಪಾಡ್, ನಡುಗೆರೆಯ ನೇರಕ್ಕೆ ಎತ್ತರದ ಜಾಗ, ಗ್ಯಾಲರಿಯ ಮೇಲಿನ ಸಾಲು ಆದರೆ ಉತ್ತಮ. ನೆಲಮಟ್ಟದಿಂದ ತೆಗೆದರೆ ಆಟಗಾರ್ತಿಯರ ನಡುವಿನ ಅಂತರವೇ ಕಾಣಲ್ಲ, ಬೇಕಾಗಿರೋದು ಅದೇ. ಚೆಂಡನ್ನು ಹಿಂಬಾಲಿಸಿ ಜೂಮ್ ಮಾಡಬೇಡಿ. ಕನಿಷ್ಠ ಅರ್ಧ ಮೈದಾನ ಕಾಣ್ತಿರಲಿ.

ನಾಲ್ಕೇ ನಾಲ್ಕು ವಿಷಯ ಗುರುತು ಹಾಕಿ: ಸರ್ಕಲ್ ಪ್ರವೇಶ, ಅದರಿಂದ ಹೊಡೆತವೋ ಕಾರ್ನರೋ ಬಂತಾ, ನಮ್ಮ 23 ಮೀಟರ್ ಒಳಗೆ ಚೆಂಡು ಕಳೆದುಕೊಂಡದ್ದು, ಎದುರಾಳಿಯ 23ರಲ್ಲಿ ಕಿತ್ತುಕೊಂಡದ್ದು. ಪಟ್ಟಿಯಲ್ಲಿ ಸಮಯ, ಬಲ-ಎಡ-ನಡು, ಯಾರು ಅಂತ ಬರೆದರೆ ಸಾಕು. 15 ನಿಮಿಷದ ಒಂದು ಕ್ವಾರ್ಟರ್‌ಗೆ ಹೊಸಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ. ಇಪ್ಪತ್ತು ಪಂದ್ಯ ಹೀಗೆ ಮಾಡಿದವಳ ಕಣ್ಣು ಬದಲಾಗಿರುತ್ತೆ. ಮೊದಲು ಚೆಂಡಿನ ಹಿಂದೆ ಓಡ್ತಿದ್ದ ಕಣ್ಣು ಚೆಂಡಿಲ್ಲದ ಕಡೆ ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡೋಕೆ ಶುರು ಮಾಡುತ್ತೆ. ಆಟಗಾರ್ತಿ ಕೋಚ್ ಆಗೋ ಕ್ಷಣ ನನ್ನ ಪ್ರಕಾರ ಅದು.

ತಂಡಕ್ಕೆ ತೋರಿಸೋದು 6ರಿಂದ 8 ತುಣುಕು, ಹತ್ತು ನಿಮಿಷದೊಳಗೆ. ಅದರಲ್ಲಿ ಅರ್ಧ ಸರಿಯಾಗಿ ಮಾಡಿದ್ದು ಇರಲಿ. ಒಬ್ಬಳ ತಪ್ಪನ್ನು ಎಲ್ಲರೆದುರು ಮೂರು ಸಲ ಓಡಿಸಬೇಡಿ, ಅದನ್ನು ಅವಳಿಗೆ ಮಾತ್ರ ಪಕ್ಕಕ್ಕೆ ಕರೆದು ತೋರಿಸಿ.

ಮೈಸೂರು ರೋಡ್ 23 ಮೀಟರ್:
ಅಭ್ಯಾಸದ ಸಮಯ ಹಂಚಿಕೆ ಬಗ್ಗೆಯೂ ಯಾರೋ ಖಾಸಗಿಯಾಗಿ ಕೇಳಿದ್ರು. 90 ನಿಮಿಷ ಅಂತ ಇಟ್ಟುಕೊಳ್ಳಿ. 15 ವಾರ್ಮಪ್, 20 ಮೂಲ ಕೌಶಲ, 30 ಚಿಕ್ಕ ಮೈದಾನದಲ್ಲಿ ನಾಲ್ಕರ ಎದುರು ನಾಲ್ಕು, 15 ಕಾರ್ನರ್, 10 ಕೂಲ್‌ಡೌನ್. ಹೊಸ ಕೋಚ್‌ಗಳು ವಿವರಣೆಗೇ 25 ನಿಮಿಷ ಕಳೀತಾರೆ, 18 ಹುಡುಗಿಯರು ಸಾಲಿನಲ್ಲಿ ನಿಂತು ಬೂಟಿನ ಲೇಸ್ ನೋಡ್ತಿರ್ತಾರೆ. ಒಂದು ನಿಮಿಷದಲ್ಲಿ ಹೇಳಿ, ಆಡಿಸಿ, ನಿಲ್ಲಿಸಿ, ಒಂದೇ ತಿದ್ದುಪಡಿ ಹೇಳಿ, ಮತ್ತೆ ಆಡಿಸಿ.

ಅಂಬಲಪಾಡಿ ಅಕ್ಕ:
ಮೊಣಕಾಲಿನ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ದಿಕ್ಕು ಬದಲಿಸುವ ಆಟಗಳಲ್ಲಿ ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಆ ವಾರ್ಮಪ್‌ನ 15 ನಿಮಿಷವನ್ನು ಎರಡು ಸುತ್ತು ಓಡಿಸಿ ಮುಗಿಸಬೇಡಿ. ಒಂಟಿ ಕಾಲಿನ ಸ್ಕ್ವಾಟ್, ಹಾರಿ ಇಳಿಯುವುದು, ಪಕ್ಕಕ್ಕೆ ಹಾರುವುದು, ತಿರುಗಿ ನಿಲ್ಲುವುದು, ತೊಡೆಯ ಹಿಂಭಾಗದ ವ್ಯಾಯಾಮ, ವಾರಕ್ಕೆ ಕನಿಷ್ಠ ಎರಡು-ಮೂರು ಸಲ. ಇಳಿಯುವಾಗ ಮೊಣಕಾಲು ಒಳಗೆ ವಾಲುತ್ತದೆಯೇ ಎಂದು ಎದುರಿನಿಂದ ನೋಡಿ. ವಾಲಿದರೆ ಆ ಹುಡುಗಿಗೆ ಸೊಂಟದ ಬದಿಯ ಸ್ನಾಯು ಬಲಪಡಿಸುವ ವ್ಯಾಯಾಮ ಬೇರೆ ಕೊಡಿ.

ಮುಟ್ಟಿನ ವಿಷಯ ಮಾತಾಡಲು ಹಿಂಜರಿಯಬೇಡಿ, ಮಹಿಳಾ ಕೋಚ್ ಬೇಕು ಎನ್ನುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಮೂರು ತಿಂಗಳು ಮುಟ್ಟು ನಿಂತಿದೆ ಎಂದರೆ ಅಭ್ಯಾಸಕ್ಕೆ ತಕ್ಕ ಊಟ ಸಿಗುತ್ತಿಲ್ಲದಿರಬಹುದು, ಡಾಕ್ಟರ್‌ಗೆ ತೋರಿಸಲೇಬೇಕು. ಸದಾ ಸುಸ್ತು, ಓಟದಲ್ಲಿ ಹಿಂದೆ ಬೀಳುವುದು ಕಂಡರೆ ಸೋಮಾರಿ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಟೂರ್ನಿಗೆ ಹೋಗುವಾಗ ಪ್ಯಾಡ್, ಗಾಢ ಬಣ್ಣದ ಹೆಚ್ಚುವರಿ ಶಾರ್ಟ್ಸ್ ತಂಡದ ಕಿಟ್‌ನಲ್ಲೇ ಇರಲಿ, ಹುಡುಗಿ ಬಂದು ಕೇಳುವ ಪರಿಸ್ಥಿತಿ ಬರಬಾರದು.

ಇನ್ನೊಂದು. ಕಲಿಸುವುದು ಅಪ್ರಾಪ್ತರಿಗೆ. ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, "ಅಸೋಸಿಯೇಶನ್‌ನಲ್ಲಿ ಮಾತಾಡಿ ಬಗೆಹರಿಸೋಣ" ಎನ್ನುವುದಕ್ಕೆ ಜಾಗವೇ ಇಲ್ಲ. ಸಂದೇಶಗಳನ್ನು ತಂದೆ-ತಾಯಿ ಇರುವ ಗುಂಪಿನಲ್ಲೇ ಹಾಕಿ. ಒಬ್ಬಳೊಂದಿಗೆ ಮಾತಾಡುವುದಿದ್ದರೆ ಎಲ್ಲರಿಗೂ ಕಾಣುವ ಮೈದಾನದ ಅಂಚಿನಲ್ಲಿ.

ಫಾರ್ವರ್ಡ್ ಲೈನ್:
ಅಕ್ಕ, ಇದನ್ನು ಪ್ರಿಂಟ್ ಹಾಕಿ ಪ್ರತಿ ಹಾಸ್ಟೆಲ್ ಗೋಡೆಗೆ ಅಂಟಿಸಬೇಕು. ಕೊನೆಯದಾಗಿ ಒಂದು ಸಂಶಯ: ನಿನ್ನೆವರೆಗೂ ಜೊತೆಗೆ ಆಡಿದವರೇ ತಂಡದಲ್ಲಿದ್ದರೆ ಆಯ್ಕೆ ಹೇಗೆ ಮಾಡೋದು?

ಕಂಬದ ಪಕ್ಕ:
ಅದಕ್ಕೇ ಮೊದಲ ಎರಡು ವರ್ಷ ಸ್ವಂತ ಹಳೇ ತಂಡ ತಗೋಬೇಡಿ ಅನ್ನೋದು. 14 ಅಥವಾ 17 ವರ್ಷದೊಳಗಿನ ತಂಡದಲ್ಲಿ ನಿಮ್ಮ ರೂಮ್‌ಮೇಟ್ ಯಾರೂ ಇರಲ್ಲ. ತಗೊಳ್ಳಲೇಬೇಕಾದರೆ ಆಯ್ಕೆಗೆ ಆರು ವಾರ ಮೊದಲೇ ಮಾನದಂಡ ಬರೆದು ಕೊಡಿ: ಯೋ-ಯೋ ಮಟ್ಟ ಎಷ್ಟು, ಯಾವ ಜಾಗಕ್ಕೆ ಎಷ್ಟು ಜನ, ಕಾರ್ನರ್‌ನಲ್ಲಿ ಯಾವ ಕೆಲಸಕ್ಕೆ ಯಾರು ಬೇಕು. ಕೈಬಿಟ್ಟವಳಿಗೆ ಪಟ್ಟಿ ಹೊರಬೀಳುವ ಮೊದಲು ಎದುರಿಗೆ ಕೂತು ಹೇಳಿ. ಕಾರಣ ಒಂದೇ ಇರಲಿ, ಅವಳು ತಿದ್ದಿಕೊಳ್ಳಬಹುದಾದ್ದು ಇರಲಿ. ಅವಳು ವಿಡಿಯೊ ಕೇಳಿದರೆ ಅವತ್ತೇ ತೋರಿಸಿ. ಅದಕ್ಕಾಗಿ ಟ್ಯಾಗ್ ಮಾಡಿದ ಪಟ್ಟಿ ಕೈಯಲ್ಲಿ ಇಟ್ಟುಕೊಂಡೇ ಆ ಕುರ್ಚಿಗೆ ಹೋಗಿ.

ಎಡಬದಿ ಹಾಫ್:
ಎಲ್ಲರಿಗೂ ವಂದನೆ. ಇಂಜೆಕ್ಷನ್ ಲೆಕ್ಕ ಮತ್ತು ಅಕ್ಕನ ವಾರ್ಮಪ್ ಎರಡನ್ನೂ ಮೇಲೆ ಪಿನ್ ಮಾಡ್ತಿದ್ದೀನಿ. ಟರ್ಫ್ ಇಲ್ಲದ ಊರುಗಳಲ್ಲಿ ಒಳಾಂಗಣದ ಸಿಮೆಂಟ್ ನೆಲದಲ್ಲಿ ಇಂಜೆಕ್ಷನ್ ಅಭ್ಯಾಸ ಆಗುತ್ತಾ ಅಂತ ಇಂಜೆಕ್ಟರ್ ಅವರು ಬರೆದರೆ ಉಪಕಾರ.

ಇಂಜೆಕ್ಟರ್:
ಆಗುತ್ತೆ. ಆದರೆ ಸ್ಟಿಕ್‌ನ ತಳ ಸವೆದು ಹೋಗುತ್ತೆ, ಹಳೇ ಸ್ಟಿಕ್ ಬಳಸಿ, ತಳಕ್ಕೆ ಎರಡು ಸುತ್ತು ಟೇಪ್ ಹಾಕಿ. ಸಿಮೆಂಟ್ ಮೇಲೆ ಚೆಂಡು ಟರ್ಫ್‌ಗಿಂತ ಜೋರಾಗಿ ಓಡುತ್ತೆ, ಹಾಗಾಗಿ ವೇಗ ನೋಡಬೇಡಿ, ನೇರ ಬರುತ್ತಾ ಅಷ್ಟೇ ನೋಡಿ. ಸೀಮೆಸುಣ್ಣದಲ್ಲಿ 18 ಮೀಟರ್ ಗೆರೆ ಎಳೆದು ಚೆಂಡು ಅದರ ಮೇಲೇ ಹೋಗಬೇಕು ಅಂತ ಹೇಳಿ. ಗೆರೆ ಬಿಟ್ಟ ಜಾಗಕ್ಕೆ ಹುಡುಗಿಯೇ ಗುರುತು ಹಾಕಲಿ, ಕೈ ಎಲ್ಲಿ ತಪ್ಪುತ್ತಿದೆ ಅಂತ ನಾಲ್ಕೈದು ದಿನದಲ್ಲಿ ಅವಳಿಗೇ ಕಾಣುತ್ತೆ.